ಮನೆಯೊಳಗಣ ಕ್ರಿಸ್ತಜಯಂತಿ

ಹಬ್ಬವೆಂಬ ನಮ್ಮ ಮಾತು ಪರ್ವವೆಂಬ ಸಂಸ್ಕೃತ ಶಬ್ದದ ತದ್ಭವವೆಂಬುದನ್ನು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಹೇಳಿಕೊಟ್ಟವರು ನಾವು. ಪರ್ವವೆಂದರೆ ಗಿಣ್ಣು, ಕಬ್ಬಿನ ಗಿಣ್ಣು, ಬಿದಿರಿನ ಗಿಣ್ಣು, ನಮ್ಮ ಬೆರಳಿನ ಗಿಣ್ಣು. ಗಿಣ್ಣಿನಿಂದ ಗಿಣ್ಣಿಗೆ ಕಬ್ಬು ಬೆಳೆಯುವಂತೆ ಹಬ್ಬದಿಂದ ಹಬ್ಬಕ್ಕೆ ವರ್ಷವು ಬೆಳೆಯುತ್ತದೆ ಎಂದರೆ ಹಿಂದಿನ ಬೆಂಚಿನ ಹುಡುಗರೂ ತಲೆದೂಗುತ್ತಿದ್ದರು. ಗಿಣ್ಣಿನಲ್ಲಿ ರಸ ಕಡಮೆ, ಗಟ್ಟಿತನ ಹೆಚ್ಚು. ಆದರೆ ಕಬ್ಬಿನ ಕಣ್ಣಿರುವುದು ಅಲ್ಲಿಯೇ, ನೆಟ್ಟರೆ ಚಿಗುರುವುದೂ ಅಲ್ಲಿಂದಲೇ. ಈಚೆಗೆ ಹಬ್ಬವೆಂದರೆ ರಸವೊಂದೇ ಎಂದು ತಿಳಿದವರು ಹೆಚ್ಚಾಗಿದ್ದಾರೆ. ದೀಪಾವಳಿಯಾಗಲಿ ಗಣೇಶನ ಹಬ್ಬವಾಗಲಿ ಕ್ರಿಸ್‌ಮಸ್ಸಾಗಲಿ, ಗದ್ದಲವಾಗದಿದ್ದರೆ ಹಬ್ಬವಾದಂತೆಯೇ ಅವರಿಗೆ ತೋರುವುದಿಲ್ಲ. ನಮ್ಮ ಮನೆಯಲ್ಲಿ ಎಳೆಯ ಮಕ್ಕಳೊಡನೆ ನಡೆದುಬಂದ ಕ್ರಿಸ್‌ಮಸ್ಸಿನಲ್ಲಿ ಗದ್ದಲವೆಂಬುದು ಎಂದೂ ಇರಲಿಲ್ಲ. ಅದು ಹೇಗೆ ನಡೆಯುತ್ತಿತ್ತು, ಕಳೆದ ಡಿಸೆಂಬರಿನಲ್ಲಿ ಅದನ್ನು ನಡೆಸತಕ್ಕದ್ದೋ ಬಿಡತಕ್ಕದ್ದೋ ಎಂಬ ಪ್ರಶ್ನೆ ಹೇಗೆ ಎದುರಾಯಿತು ಎಂಬುದನ್ನು ವಾಚಕರ ಮುಂದಿಡುತ್ತೇವೆ.

ನಾವು ಹುಟ್ಟಿನಿಂದ ಕನ್ನಡ ಕ್ರೈಸ್ತರು, ವಿದ್ಯೆಯಿಂದ ಸಂಸ್ಕೃತದವರು. ಇವೆರಡೂ ಒಂದೇ ದೇಹದಲ್ಲಿ ಹೇಗಿವೆಯೆಂದು ಕೇಳಿದವರುಂಟು. ನಮಗೆ ಅಮರಕೋಶವನ್ನೂ ಶಬ್ದರೂಪಗಳನ್ನೂ ಬಾಯಿಪಾಠ ಮಾಡಿಸಿದ ಶಾಸ್ತ್ರಿಗಳು ಮಾತ್ರ ಅದನ್ನು ಕೇಳಲಿಲ್ಲ. ಉಚ್ಚಾರ ಶುದ್ಧವಾಗಿದೆಯೆ ಎಂಬುದೊಂದನ್ನೇ ನೋಡಿದರು. ಆ ವಿದ್ಯೆಯ ಬಲದಿಂದ ಸರ್ಕಾರಿ ಪ್ರೌಢಶಾಲೆಯ ಪಂಡಿತಗಿರಿ ದೊರೆತು, ಜಗಳೂರು, ನ್ಯಾಮತಿ, ಹೊನ್ನಾಳಿ, ಚನ್ನಗಿರಿ ಎಂಬೀ ನಾಲ್ಕು ಊರುಗಳಲ್ಲಿ ನಮ್ಮ ಆಯುಷ್ಯದ ಹೆಚ್ಚಿನ ಭಾಗವು ಕಳೆಯಿತು. ನಾವು ಕೆಲಸಕ್ಕೆ ಸೇರಿದಾಗ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಮಿಕ್ಕವು ಶಿವಮೊಗ್ಗಕ್ಕೆ ಸೇರಿದ್ದವು. 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದ ಮೇಲೆ ನಾಲ್ಕೂ ಒಂದೇ ಮಡಿಲಿಗೆ ಬಂದವು. ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿನೊಳಗಿನ ಊರು. ಈಗ ತಾನೇ ಒಂದು ತಾಲ್ಲೂಕು.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ ಇಬ್ಬರಿಗೂ ಕಡಮೆ. ಅವರಲ್ಲಿಯೂ ಬಹುಮಂದಿ ಮಂಗಳೂರು ಬೆಂಗಳೂರುಗಳ ಕಡೆಯವರು. ಆದಕಾರಣ ನಾವು ಬಾಡಿಗೆಗಿದ್ದ ಬೀದಿಗಳಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ ಆಗಿರುತ್ತಿತ್ತು. ಹಬ್ಬದ ಪೂಜೆಗೆ ದಾವಣಗೆರೆಗೋ ಹರಿಹರದ ಆರೋಗ್ಯಮಾತೆಯ ಗುಡಿಗೋ ಹೋಗುತ್ತಿದ್ದೆವು. ಪೂಜೆ ನಡುರಾತ್ರಿಯದು, ಕೊನೆಯ ಬಸ್ಸು ಅದಕ್ಕೆ ಎಷ್ಟೋ ಮೊದಲೇ ಹೊರಟುಹೋಗುವುದು, ಮಾರ್ಗಶಿರದ ಚಳಿಯಲ್ಲಿ ಹಾಲುಗೂಸನ್ನು ಎತ್ತಿಕೊಂಡು ಬಸ್‌ನಿಲ್ದಾಣದ ಕಲ್ಲುಬೆಂಚಿನ ಮೇಲೆ ಬೆಳಗು ಮಾಡುವುದು ಗೃಹಸ್ಥರಿಗೆ ಒಗ್ಗುವ ಮಾತಲ್ಲ. ಆದುದರಿಂದ ಇಪ್ಪತ್ತನಾಲ್ಕರ ರಾತ್ರಿಯನ್ನು ಮನೆಯಲ್ಲಿಯೇ ಕಳೆದು, ಇಪ್ಪತ್ತೈದರ ಬೆಳಗಿನ ಮೊದಲ ಬಸ್ಸಿಗೆ ಹೊರಡುವುದೆಂದು ನಮ್ಮ ಗೃಹಿಣಿ ಕಟ್ಟುಮಾಡಿದರು. ನಮ್ಮ ಮನೆಯ ಹಬ್ಬ ಸದ್ದಿಲ್ಲದ ಹಬ್ಬವಾದುದಕ್ಕೆ ಮೂಲಕಾರಣ ವೈರಾಗ್ಯವಲ್ಲ, ಬಸ್ಸಿನ ವೇಳೆ!

ಜಗಳೂರಿನಲ್ಲಿ ನಮಗೆ ದೊರೆತದ್ದು ಒಕ್ಕಲಿಗರೊಬ್ಬರ ಮನೆಯ ಅರ್ಧಭಾಗ. ಆ ಸೀಮೆ ಮಳೆ ಕಡಮೆಯ ಬಯಲು. ಜೋಳ, ಶೇಂಗಾಗಳ ನಾಡು. ಅಲ್ಲಿಯ ಹಳೆಯ ಮನೆಗಳಲ್ಲಿ ಬಾಗಿಲು ದಾಟಿದೊಡನೆ ದನಗಳ ಅಂಕಣ, ಅದಕ್ಕಿಂತ ಮೊಳದಷ್ಟು ಎತ್ತರದಲ್ಲಿ ಜನರ ಪಡಸಾಲೆ. ದನಗಳ ಮುಂದೆ ಮೇವು ಹಾಕುವ ತೊಟ್ಟಿಯನ್ನು ಅಲ್ಲಿಯ ಜನ ಗ್ವಾದಲಿ ಎನ್ನುತ್ತಾರೆ. ಪುಸ್ತಕದ ಮಾತಿನಲ್ಲಿ ಅದೇ ಗೋದಲಿ. ಕನ್ನಡ ಬೈಬಲಿನಲ್ಲಿ ಯೇಸುವಿನ ತಾಯಿ ಮಗುವನ್ನು ಮಲಗಿಸಿದ ಸ್ಥಳಕ್ಕೆ ಇರುವ ಮಾತೂ ಇದೇ. ಹಬ್ಬಕ್ಕೆ ಬೊಂಬೆಗಳನ್ನಿಟ್ಟು ಅಣಿಮಾಡುವ ಕೊಟ್ಟಿಗೆಗೂ ಕನ್ನಡ ಕ್ರೈಸ್ತರು ಗೋದಲಿಯೆಂದೇ ಹೇಳುವುದು. ಪಟ್ಟಣದ ಮಕ್ಕಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕು. ನಮ್ಮ ಹಿರಿಯ ಮಗನಿಗೆ ಹೇಳಬೇಕಾಗಿರಲಿಲ್ಲ. ದಿನ ಬೆಳಗಾದರೆ ಅವನು ಎತ್ತುಗಳ ಮೂಗಿನೆದುರಿನಲ್ಲಿ ಅದನ್ನು ಕಾಣುತ್ತಿದ್ದ.

1993ರ ಡಿಸೆಂಬರು, ಅವನಿಗೆ ಆಗ ನಾಲ್ಕು ವರ್ಷ. ನಾವು ಪಡಸಾಲೆಯ ಮೂಲೆಯಲ್ಲಿ ಇಟ್ಟಿಗೆಯನ್ನೂ ಜೋಳದ ಸೊಪ್ಪೆಯನ್ನೂ ಇಟ್ಟು ಗೋದಲಿ ಕಟ್ಟಿದ್ದೆವು. ಬೊಂಬೆಗಳು ಗೃಹಿಣಿಯ ತವರಿನಿಂದ ಬಂದ ಸುಟ್ಟ ಮಣ್ಣಿನವು. ಸಂಜೆ ನೋಡಿದರೆ ಬಾಲಯೇಸು ಇಲ್ಲ! ಹುಡುಕಿದಾಗ ತಿಳಿಯಿತು: ನಮ್ಮ ಪುತ್ರರತ್ನವು ಆ ಬೊಂಬೆಯನ್ನು ಒಯ್ದು ಮನೆಯೊಡೆಯರ ನಿಜವಾದ ಗೋದಲಿಯಲ್ಲಿ, ಎರಡು ಎತ್ತುಗಳ ನಡುವೆ ಮಲಗಿಸಿದ್ದಿತು. ನಮಗೆ ಸಂಕೋಚವಾಯಿತು. ಮನೆಯೊಡೆಯರ ತಾಯಿ, ಎಪ್ಪತ್ತು ದಾಟಿದ ಅಜ್ಜಿ, ಎತ್ತುಗಳನ್ನು ಒಂದು ಮಾರು ಹಿಂದಕ್ಕೆ ಕಟ್ಟಿಸಿ, “ಕೂಸು ಮಲಗೈತಿ, ಮೂಗು ಹಾಕ್ಯಾವು” ಎಂದು ತಾವೇ ಕಾವಲು ಕುಳಿತಿದ್ದರು. ಬೊಂಬೆಯ ಕೆಳಗೆ ಹೊಸ ಸೊಪ್ಪೆ ಹಾಸಿತ್ತು. ಬಲಗೆನ್ನೆಯ ಮೇಲೆ ಕಾಡಿಗೆಯ ದೃಷ್ಟಿಬೊಟ್ಟು ಇತ್ತು.

ಅಂದಿನ ರಾತ್ರಿಯೇ ಮಗ ಕೇಳಿದ: “ನಮ್ಮನೇಲಿ ಮಾತ್ರ ಯಾಕೆ ಹಬ್ಬ?” ಓಣಿಯ ಮಕ್ಕಳೆಲ್ಲ ಮಲಗಿದ್ದರು, ಯಾರ ಬಾಗಿಲಿಗೂ ತೋರಣವಿರಲಿಲ್ಲ, ಮರುದಿನ ಆಡಲು ಬರುವವರಿಗೆ ಅದು ರಜೆಯ ದಿನವೇ ಹೊರತು ಹಬ್ಬವಲ್ಲ. ನಾಲ್ಕು ವರ್ಷದ ಮಗುವಿಗೆ ಇದು ಸಣ್ಣ ಪ್ರಶ್ನೆಯಲ್ಲ. ನಾವು ಮತಗಳ ಭೇದವನ್ನು ಬಾಲಬೋಧವಾಗಿ ಹೇಗೆ ಹೇಳುವುದೆಂದು ಯೋಚಿಸುತ್ತಿದ್ದಾಗ ಅಜ್ಜಿಯೇ ಕತ್ತಲೆಯಿಂದ ಉತ್ತರ ಕೊಟ್ಟರು: “ಊರಿಗೆಲ್ಲ ಒಂದೇ ದಿನ ಕೂಸು ಹುಟ್ಟತೈತೇನಪ್ಪಾ? ಹುಟ್ಟಿದ ಮನಿಯಾಗ ಹಬ್ಬ.” ಮಗ ಒಪ್ಪಿಕೊಂಡು ಮಲಗಿದ. ದೇವಶಾಸ್ತ್ರ ಓದಿದವರು ಈ ಉತ್ತರದಲ್ಲಿ ಕೊರತೆ ಕಂಡಾರು. ನಮಗೆ ಇದಕ್ಕಿಂತ ಮೇಲಾದದ್ದು ಈವರೆಗೆ ಹೊಳೆದಿಲ್ಲ.

ಗೋದಲಿಯ ಪದ್ಧತಿಗೆ ಹಳೆಯ ಚರಿತ್ರೆಯುಂಟು. ಡಿಸೆಂಬರು 25ರಂದು ಯೇಸುವಿನ ಜನ್ಮೋತ್ಸವವು ನಡೆಯುತ್ತಿದ್ದುದಕ್ಕೆ ರೋಮಿನಲ್ಲಿ ಸಿಕ್ಕುವ ಮೊದಲ ದಾಖಲೆ 336ನೆಯ ಇಸವಿಯದು. ಗೋದಲಿಯನ್ನು ಜನರ ಕಣ್ಣಿಗೆ ತಂದವರು ಇಟಲಿ ದೇಶದ ಅಸಿಸ್ಸಿಯ ಸಂತ ಫ್ರಾನ್ಸಿಸರು. 1223ರಲ್ಲಿ ಗ್ರೆಚ್ಚೊ ಎಂಬ ಬೆಟ್ಟದೂರಿನಲ್ಲಿ ಅವರು ಒಂದು ನಿಜವಾದ ಗೋದಲಿಯನ್ನು ಹುಲ್ಲುಸಹಿತ ತರಿಸಿ, ಪಕ್ಕದಲ್ಲಿ ಎತ್ತನ್ನೂ ಕತ್ತೆಯನ್ನೂ ನಿಲ್ಲಿಸಿ, ಹಳ್ಳಿಗರನ್ನು ದೀಪ ಹಿಡಿದು ಬರಹೇಳಿದರು. ಬೊಂಬೆಗಳ ಸಾಲು ಆಮೇಲಿನದು. ಇನ್ನೊಂದು ಮಾತು: ಲೂಕನ ಸುವಾರ್ತೆಯಲ್ಲಿ ಗೋದಲಿಯಿದೆ, ಎತ್ತು ಕತ್ತೆಗಳಿಲ್ಲ, ಅವು ಯೆಶಾಯ ಪ್ರವಾದಿಯ ಗ್ರಂಥದಿಂದ ಮೆಲ್ಲನೆ ನಡೆದುಬಂದು ಇಲ್ಲಿ ನಿಂತಿವೆ. ಮತ್ತಾಯನು ಹೇಳುವ ಜ್ಯೋತಿಷಿಗಳೂ ಮೂವರೆಂದು ಎಲ್ಲಿಯೂ ಹೇಳಿಲ್ಲ. ಕಾಣಿಕೆ ಮೂರಿದ್ದುದರಿಂದ ತಂದವರೂ ಮೂವರಾದರು. ಇಂಥ ಸಂಗತಿಗಳನ್ನು ಮಕ್ಕಳಿಗೆ ಹೇಳಿದರೆ ಅವರ ನಂಬಿಕೆ ಕೆಡುತ್ತದೆಂದು ಕೆಲವರು ಹೆದರುತ್ತಾರೆ. ನಮ್ಮ ಅನುಭವದಲ್ಲಿ ಮಕ್ಕಳು ಒಂಟೆಯಿಲ್ಲದೆ ಹೋದರೆ ಅಳುತ್ತಾರೆಯೇ ಹೊರತು ಇದಕ್ಕಲ್ಲ. ನಮ್ಮಲ್ಲಿ ಒಂಟೆಯ ಬೊಂಬೆ ಇರಲೇ ಇಲ್ಲ. ಒಂದು ಮರದ ಆನೆಯೇ ಆ ಕೆಲಸವನ್ನು ಬಹುಕಾಲ ನಿರ್ವಹಿಸಿತು.

ಎಳೆಯ ಮಕ್ಕಳಿರುವ ಮನೆಯಲ್ಲಿ ಹಬ್ಬ ಇಪ್ಪತ್ತೈದರಂದು ಆರಂಭವಾಗಬಾರದು, ಹತ್ತರಂದೇ ಆರಂಭವಾಗಬೇಕು. ನಮ್ಮ ಗೃಹಿಣಿ ಆ ದಿನ ಹರಿವಾಣವೊಂದರಲ್ಲಿ ಮಣ್ಣು ಹರಡಿ ಮಕ್ಕಳ ಕೈಯಿಂದ ರಾಗಿಯನ್ನೂ ಸಾಸಿವೆಯನ್ನೂ ಬಿತ್ತಿಸುತ್ತಿದ್ದರು. ಎರಡು ವಾರದಲ್ಲಿ ಅದು ಗೋದಲಿಯ ಮುಂದಿನ ಹುಲ್ಲುಗಾವಲಾಗುವುದು. ನವರಾತ್ರಿಯಲ್ಲಿ ಘಟ್ಟ ಹಾಕುವವರಿಗೆ ಈ ಕೆಲಸ ಹೊಸದಲ್ಲ. ನೀರು ಹೆಚ್ಚಾದರೆ ಬುಡ ಕೊಳೆಯುತ್ತದೆ, ಕೈಯಲ್ಲಿ ಚಿಮುಕಿಸಬೇಕೆಂದು ನೆರೆಮನೆಯ ಹೆಂಗಸರೇ ಹೇಳಿಕೊಟ್ಟರು. ಬೆಳಗಾಗೆದ್ದು ಮೊಳಕೆ ನೋಡುವುದೇ ಮಕ್ಕಳಿಗೆ ಅರ್ಧ ಹಬ್ಬ. ಆಮೇಲೆ ನಕ್ಷತ್ರ. ಮೇದಾರರಿಂದ ಬಿದಿರಿನ ಸೀಳು ತಂದು, ಎರಡು ಪಂಚಕೋನಗಳನ್ನು ಕಟ್ಟಿ, ಮೈದಾಹಿಟ್ಟಿನ ಅಂಟಿನಿಂದ ಬಣ್ಣದ ಕಾಗದ ಹಚ್ಚಿ ಬಾಗಿಲಲ್ಲಿ ತೂಗುಬಿಟ್ಟರಾಯಿತು. ಅದನ್ನು ಕಂಡು, ಮೇಷ್ಟ್ರು ದೀಪಾವಳಿಯ ಆಕಾಶಬುಟ್ಟಿಯನ್ನು ಇಳಿಸಲು ಮರೆತಿದ್ದಾರೆಂದು ಹೇಳಿಹೋದ ಪುಣ್ಯಾತ್ಮರೂ ಇದ್ದರು.

ಇಪ್ಪತ್ತನಾಲ್ಕರ ರಾತ್ರಿಯ ವಿಧಿ ಬಹು ಚಿಕ್ಕದು. ಏಳು ಗಂಟೆಗೆ ವಿದ್ಯುದ್ದೀಪ ಆರಿಸಿ ಹಣತೆಯೊಂದನ್ನು ಹಚ್ಚುವುದು. ಓದಲು ಬರುವ ಮಗು ಲೂಕನ ಕಥೆಯನ್ನು ಓದುವುದು. ಮನೆಯ ಅತಿ ಕಿರಿಯ ಮಗು ಬಾಲಯೇಸುವನ್ನು ಗೋದಲಿಯಲ್ಲಿ ಮಲಗಿಸುವುದು. ಬಳಿಕ ಹಣತೆಯನ್ನು ನೋಡುತ್ತ ಎಲ್ಲರೂ ಸುಮ್ಮನೆ ಕುಳಿತಿರುವುದು. ಎಷ್ಟು ಹೊತ್ತೆಂದರೆ ಚಿಕ್ಕವರು ಮಿಸುಕಾಡುವವರೆಗೆ. ಅನಂತರ ಒಂದು ಜೋಗುಳ, ಶಾವಿಗೆಯ ಪಾಯಸ, ನಿದ್ರೆ. ದೊಡ್ಡವರ ಪ್ರಾರ್ಥನೆ ಉದ್ದವಾದಷ್ಟೂ ಮಕ್ಕಳ ಭಕ್ತಿ ಗಿಡ್ಡವಾಗುತ್ತದೆಂಬುದನ್ನು ಗೃಹಿಣಿ ನಮಗೆ ಮೊದಲ ವರ್ಷವೇ ಮನಗಾಣಿಸಿದ್ದರು.

ನ್ಯಾಮತಿಯಲ್ಲಿ ನಾವಿದ್ದುದು ಕೆಲವೇ ವರ್ಷ. ಸೇವಾಲಾಲರ ಜನ್ಮಸ್ಥಳವಾದ ಸೂರಗೊಂಡನಕೊಪ್ಪ ಆ ಕಡೆಯದೇ. ತಾಂಡಾಗಳ ಮಕ್ಕಳು ನಮ್ಮ ತರಗತಿಯಲ್ಲಿ ಅನೇಕರಿದ್ದರು. ಅವರಲ್ಲೊಬ್ಬಳ ತಾಯಿ ಕೊಟ್ಟ ಕನ್ನಡಿ ಕೂರಿಸಿದ ಕಸೂತಿಬಟ್ಟೆಯನ್ನು ಗೋದಲಿಯ ಕೆಳಗೆ ಹಾಸಿದೆವು. ಹಣತೆ ಹಚ್ಚಿದಾಗ ಬೆತ್ಲೆಹೇಮಿನ ನೆಲದಲ್ಲಿ ನಕ್ಷತ್ರಗಳು ಬಿದ್ದಂತಾಯಿತು. ಹೊನ್ನಾಳಿಯಲ್ಲಿ ಮಕ್ಕಳು ತುಂಗಭದ್ರೆಯ ದಂಡೆಯಿಂದ ನುಣ್ಣನೆಯ ಕಲ್ಲುಗಳನ್ನು ಜೇಬು ಹರಿಯುವಷ್ಟು ತಂದರು. ಅಲ್ಲಿ ಧನುರ್ಮಾಸದ ನಸುಕಿನಲ್ಲಿ ರಾಘವೇಂದ್ರಸ್ವಾಮಿಗಳ ಮಠದ ಗಂಟೆ ಕೇಳಿಯೇ ನಾವು ಮೊದಲ ಬಸ್ಸಿಗೆ ಏಳುತ್ತಿದ್ದುದು. ನೆರೆಯಲ್ಲಿದ್ದ ಮಂಗಳೂರ ಕಡೆಯ ದಾದಿಯೊಬ್ಬರು ತಮ್ಮ ಕುಸ್ವಾರನ್ನು, ಎಂದರೆ ಕರಾವಳಿಯ ಕ್ರೈಸ್ತರು ಹಬ್ಬಕ್ಕೆ ಹಂಚುವ ತಿಂಡಿಗಳ ತಟ್ಟೆಯನ್ನು, ಕಳುಹಿಸಿಕೊಟ್ಟು ನಮ್ಮ ಮನೆಯಲ್ಲಿ ಒಂದು ಹೊಸ ಪದ್ಧತಿಗೆ ಕಾರಣರಾದರು. ಕರ್ಜಿಕಾಯಿ, ಚಕ್ಕುಲಿ, ರವೆಯುಂಡೆಗಳನ್ನು ತಟ್ಟೆಗಳಲ್ಲಿಟ್ಟು, ಬಟ್ಟೆ ಮುಚ್ಚಿ, ಮಕ್ಕಳ ಕೈಯಲ್ಲಿ ಮನೆಮನೆಗೆ ಕಳುಹಿಸುವ ಈ ಪದ್ಧತಿಯು ಚನ್ನಗಿರಿಗೆ ಬಂದ ಮೇಲೆ ಚೆನ್ನಾಗಿ ಬೇರೂರಿತು.

ಚನ್ನಗಿರಿಯ ವಾಚಕರಿಗೆ ಡಿಸೆಂಬರಿನ ರಾತ್ರಿ ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಅಡಿಕೆಯ ಕೊಯ್ಲು ನಡೆದಿರುತ್ತದೆ. ಸುಲಿಯುವವರು ಸಾಲಾಗಿ ಕುಳಿತಿರುತ್ತಾರೆ, ಹಂಡೆಗಳಲ್ಲಿ ಅಡಿಕೆ ಬೇಯುತ್ತಿರುತ್ತದೆ, ಚೊಗರಿನ ಒಗರುವಾಸನೆ ಬೀದಿಯನ್ನೆಲ್ಲ ತುಂಬಿರುತ್ತದೆ. ನಮ್ಮ ಮಕ್ಕಳು ತಟ್ಟೆ ಹಿಡಿದು ಹೋಗುತ್ತಿದ್ದುದು ಈ ಅಂಗಳಗಳಿಗೆ. ಸುಲಿಯುವವರ ಕೈ ಚೊಗರಾಗಿರುತ್ತಿದ್ದುದರಿಂದ ಮಕ್ಕಳೇ ಒಂದೊಂದು ತುಂಡು ಅವರ ಬಾಯಿಗೆ ಹಾಕಬೇಕು. ಬರಿದಾದ ತಟ್ಟೆಯನ್ನು ಯಾರೂ ಬರಿದಾಗಿ ಹಿಂದಿರುಗಿಸುವುದಿಲ್ಲ. ಹಿಡಿ ಸಕ್ಕರೆಯೋ ಎರಡು ಬಾಳೆಹಣ್ಣೋ ಸೊಗಡಿನ ಅವರೆಕಾಯಿಯೋ ಅದರಲ್ಲಿರುತ್ತದೆ. ಹೀಗೆ ಹದಿನೆಂಟು ವರ್ಷ ನಡೆಯಿತು. ಮಕ್ಕಳು ದೊಡ್ಡವರಾಗಿ ಬೆಂಗಳೂರು ಸೇರಿದ ಮೇಲೆ ತಟ್ಟೆಗಳನ್ನು ಗೃಹಿಣಿಯೇ ಒಯ್ದು ಕೊಡುತ್ತಿದ್ದರು.

ಕಳೆದ ಶ್ರಾವಣದಲ್ಲಿ ಅವರು ತೀರಿಕೊಂಡರು.

ಡಿಸೆಂಬರಿನಲ್ಲಿ ಮಗ ದೂರವಾಣಿಯಲ್ಲಿ, “ಅಪ್ಪಾಜಿ, ಈ ವರ್ಷ ಹಬ್ಬ ಬೇಡ ಅಂದ್ರೆ ಬೇಡ. ಆದ್ರೆ ನಿಮ್ಮನ್ನೊಬ್ಬರನ್ನೇ ಬಿಡಲ್ಲ, ಮಕ್ಕಳನ್ನ ಕರ್ಕೊಂಡು ಬರ್ತೀವಿ” ಎಂದ. ಮೊಮ್ಮಗಳಿಗೆ ಏಳು ವರ್ಷ, ಮೊಮ್ಮಗನಿಗೆ ನಾಲ್ಕು. ಬೆಂಗಳೂರಿನಲ್ಲಿ ಅವರಿರುವ ಬಹುಮಹಡಿಯ ಕಟ್ಟಡದಲ್ಲಿ ಸಾವಿರ ದೀಪಗಳ ಮರ ನಿಲ್ಲಿಸುತ್ತಾರೆ, ಕೆಂಪಂಗಿಯ ಸಾಂಟಾ ಬಂದು ಕಾಣಿಕೆ ಹಂಚುತ್ತಾನೆ. ಅಂಥ ಮಕ್ಕಳನ್ನು ಕರೆತಂದು ದೀಪವಿಲ್ಲದ ಮನೆಯಲ್ಲಿ ಕೂರಿಸುವುದು ಹೇಗೆ? ಮನೆಯೊಡತಿ ಹೋದ ವರ್ಷವೇ ಹಬ್ಬ ಹೂಡುವುದು ಹೇಗೆ? ವರ್ಷ ತುಂಬುವವರೆಗೆ ಹಬ್ಬ ಮಾಡಬಾರದು, ಎಣ್ಣೆಯ ಬಾಣಲೆ ಇಡಬಾರದು ಎಂಬ ನಡೆ ಈ ನಾಡಿನಲ್ಲಿದೆ. ಚರ್ಚಿನ ವಿಧಿಯಲ್ಲಿ ಈ ನಿಷೇಧವಿಲ್ಲ. ಆದರೆ ಮನುಷ್ಯನು ವಿಧಿಯಲ್ಲಿ ಮಾತ್ರ ಬದುಕುವುದಿಲ್ಲ, ಬೀದಿಯಲ್ಲಿಯೂ ಬದುಕುತ್ತಾನೆ. ನಮ್ಮ ತಂದೆಯವರೂ ಈ ನಡೆಯನ್ನು ಪಾಲಿಸಿದವರೇ. ನಾವು ಎರಡು ದಿನ ಯೋಚಿಸಿ ಹೀಗೆ ನಿಶ್ಚಯಿಸಿದೆವು: ಬಾಣಲೆ ಬೇಡ, ಹೊಸ ಬಟ್ಟೆ ಬೇಡ, ಗೋದಲಿ ಇರಲಿ. ಜನನದ ಹಬ್ಬವನ್ನು ಮರಣದ ಕಾರಣದಿಂದ ಮಕ್ಕಳಿಗೆ ತಪ್ಪಿಸಲು ನಮಗೆ ಮನಸ್ಸು ಬರಲಿಲ್ಲ. ಹತ್ತರಂದು ನಾವೇ ಹರಿವಾಣದಲ್ಲಿ ರಾಗಿ ಬಿತ್ತಿದೆವು.

ಮಕ್ಕಳು ಇಪ್ಪತ್ತಮೂರರಂದು ಬಂದರು. ಮೊಮ್ಮಗ ಬಂದವನೇ, “ತಾತ, ಇಲ್ಲಿಗೆ ಸಾಂಟಾ ಬರ್ತಾನಾ?” ಎಂದು ಕೇಳಿದ. ಸಾಂಟಾ ಎಂಬವನ ಮೂಲಪುರುಷನು ನಾಲ್ಕನೆಯ ಶತಮಾನದ ನಿಕೊಲಾಸನೆಂಬ ಧರ್ಮಾಧ್ಯಕ್ಷ, ಈಗಿನ ತುರ್ಕಿ ದೇಶದ ಮೈರಾ ಎಂಬ ಊರಿನವನು. ಮೂವರು ಹೆಣ್ಣುಮಕ್ಕಳ ಮದುವೆಗೆ ಹಣವಿಲ್ಲದೆ ಕಂಗೆಟ್ಟ ತಂದೆಯೊಬ್ಬನ ಮನೆಯೊಳಕ್ಕೆ ರಾತ್ರಿ ಕಿಟಕಿಯಿಂದ ಹೊನ್ನಿನ ಗಂಟನ್ನು ಎಸೆದು, ಹೆಸರು ಹೇಳದೆ ಹೋದನೆಂಬ ಐತಿಹ್ಯ ಅವನದು. ಇದನ್ನು ಹೇಳಿ, “ಅವನು ಬಂದರೂ ಯಾರಿಗೂ ಕಾಣಿಸುವುದಿಲ್ಲ” ಎಂದೆವು. ಹುಡುಗ ಅಂದಿನಿಂದ ಕಿಟಕಿಯ ಕಡೆಗೆ ಬೆನ್ನು ಮಾಡಿ ಕುಳಿತ, ಬರುವವನಿಗೆ ಅಡ್ಡಿಯಾಗಬಾರದೆಂದು. ಅವನ ತಲೆದಿಂಬಿನ ಕೆಳಗೆ ಚನ್ನಪಟ್ಟಣದ ಮರದ ಬಂಡಿಯೊಂದು ಸೇರಿತು. ಯಾರಿಟ್ಟರೆಂದು ನಾವು ಈಗಲೂ ಹೇಳಿಲ್ಲ.

ಇಪ್ಪತ್ತನಾಲ್ಕರಂದು ಗೋದಲಿಗೆ ಅಡಿಕೆಹಾಳೆಯ ಮಾಡು ಹಾಕಿದೆವು. ಸೊಸೆ ಪೆಟ್ಟಿಗೆಯಿಂದ ಬೊಂಬೆಗಳನ್ನು ತೆಗೆದು ಒರೆಸುತ್ತಿದ್ದಾಗ, “ಮಾವ, ಇದು ಕೊಳೆಯಲ್ಲವೆ, ತೊಳೆಯಲೆ?” ಎಂದು ಬಾಲಯೇಸುವಿನ ಬಲಗೆನ್ನೆ ತೋರಿಸಿದಳು. ಮಗ ತಟ್ಟನೆ, “ತೊಳೀಬೇಡ” ಎಂದ. ಜಗಳೂರಿನ ಅಜ್ಜಿಯ ಕಥೆಯನ್ನು ಅವನೇ ತನ್ನ ಮಕ್ಕಳಿಗೆ ಹೇಳಿದ. ಅದು ಅವನಿಗೆ ನೆನಪಿದೆಯೆಂದು ನಮಗೆ ತಿಳಿದಿರಲಿಲ್ಲ.

ಕತ್ತಲಾದ ಮೇಲೆ ಹಣತೆ ಹಚ್ಚುವುದಕ್ಕೆ ಕುಳಿತಿರುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಎದುರುಮನೆಯ ಆಕೆ, ಅವರ ಹಿಂದೆ ಇನ್ನೂ ಆರು ಮಂದಿ ಹೆಂಗಸರು, ಎಲ್ಲರ ಕೈಯಲ್ಲಿಯೂ ಬಟ್ಟೆ ಮುಚ್ಚಿದ ತಟ್ಟೆ. ಕರ್ಜಿಕಾಯಿ, ಚಕ್ಕುಲಿ, ಕಜ್ಜಾಯ. “ಮೇಷ್ಟ್ರೆ, ನೀವು ಬಾಣಲೆ ಇಡಂಗಿಲ್ಲ, ಸರಿ. ನಮಗ್ಯಾರೂ ಇಡಬ್ಯಾಡ ಅಂದಿಲ್ಲವಲ್ಲ. ಹುಡ್ರು ಬಂದಾವೆ” ಎಂದರು. ಅವರ ಬೆರಳುಗಳಲ್ಲಿ ಅಡಿಕೆಯ ಚೊಗರು ಇನ್ನೂ ಕಪ್ಪಗಿತ್ತು. ನಾವು ಏನನ್ನೂ ಹೇಳಲಾರದೆ ಒಳಗೆ ಬನ್ನಿರೆಂದು ಕೈ ತೋರಿದೆವು. ಅವರೆಲ್ಲ ಪಡಸಾಲೆಯಲ್ಲಿ ಕುಳಿತರು. ಮೊಮ್ಮಗಳು ಲೂಕನ ಕಥೆಯನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು. ಅವಳ ಶಾಲೆಯಲ್ಲಿ ಕನ್ನಡವು ವಾರಕ್ಕೆ ಕೆಲವೇ ಗಂಟೆ. ಗೋದಲಿ ಎಂಬ ಮಾತಿನಲ್ಲಿ ತಡವರಿಸಿದಾಗ ಮೂಲೆಯಿಂದ ಯಾರೋ ಎತ್ತಿಕೊಟ್ಟರು. ಮೊಮ್ಮಗ ಬೊಂಬೆಯನ್ನು ಮಲಗಿಸಿದ. ಜೋಗುಳ ಹೇಳುವವರು ಈ ಸಲ ಇರಲಿಲ್ಲ. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಎದುರುಮನೆಯಾಕೆ ತಮಗೆ ಬರುವ ತೊಟ್ಟಿಲಪದವೊಂದನ್ನು ತಗ್ಗಿದ ದನಿಯಲ್ಲಿ ಹೇಳಿದರು.

ಅವರು ಹೋದ ಮೇಲೆ ಮೊಮ್ಮಗಳು ತಿಂಡಿಯನ್ನು ಡಬ್ಬಗಳಿಗೆ ತುಂಬಿ, ಬರಿದಾದ ತಟ್ಟೆಗಳನ್ನು ಸಾಲಾಗಿಟ್ಟಳು. ಬರಿದಾಗಿ ಹಿಂದಿರುಗಿಸಬಾರದೆಂದು ಅವಳಪ್ಪ ಹೇಳಿದ್ದನಾಗಿ ಒಂದೊಂದರಲ್ಲಿಯೂ ಒಂದು ಹಿಡಿ ಸಕ್ಕರೆಯನ್ನೂ ತಾನು ಕತ್ತರಿಸಿದ್ದ ಒಂದೊಂದು ಕಾಗದದ ನಕ್ಷತ್ರವನ್ನೂ ಇಡುತ್ತ ಬಂದಳು. ಏಳನೆಯ ತಟ್ಟೆಯ ಅಂಚಿನಲ್ಲಿ ಚುಕ್ಕೆಚುಕ್ಕೆಯಾಗಿ ಹೆಸರು ಕೊರೆದಿತ್ತು. ಹಿಂದಿನ ವರ್ಷ ಗೃಹಿಣಿ ತಿಂಡಿ ತುಂಬಿ ಕೊಟ್ಟುಬಂದಿದ್ದ ತಟ್ಟೆ ಅದು. ಆ ಮನೆಯ ಮದುವೆಯ ಪಾತ್ರೆಗಳೊಡನೆ ಅಟ್ಟ ಸೇರಿ ಇಷ್ಟು ದಿನ ಅಲ್ಲಿಯೇ ಉಳಿದಿತ್ತು. ಹುಡುಗಿ ಬೆರಳಿಟ್ಟು ಒಂದೊಂದೇ ಅಕ್ಷರವನ್ನು ಕೂಡಿಸಿದಳು.

“ತಾತ, ಇದು ಅಜ್ಜಿ ಹೆಸರು.”

“ಹೌದಮ್ಮ.”

“ಇದನ್ನೂ ವಾಪಸ್ ಕೊಡಬೇಕಾ?”

ಬೇಡವೆಂದೆವು. ಅವಳು ಅದರೊಳಗಿನ ಸಕ್ಕರೆಯನ್ನು ಡಬ್ಬಕ್ಕೆ ಸುರಿದು, ತಟ್ಟೆಯನ್ನು ತೊಳೆದು, ನಕ್ಷತ್ರವನ್ನು ಅದರಲ್ಲಿಯೇ ಬಿಟ್ಟು, ಒಯ್ದು ಅಡಿಗೆಮನೆಯ ಗೂಡಿನಲ್ಲಿಟ್ಟಳು.